ಎಪ್ಪತ್ತು ಗುಲಗಂಜಿ

ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಗುಜರಿ ಅಂಗಡಿ ಇತ್ತು. ಎಂಬತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಆ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಸೀಮೆಎಣ್ಣೆ ಸ್ಟವ್‌ನ ಪಂಪು ಕೆಟ್ಟಿತ್ತು. ಹಳೆಯ ಸ್ಟವ್ ಯಾವುದರಿಂದಲಾದರೂ ಕಳಚಿ ಕೊಡುತ್ತಾನೆಂದು ಅಲ್ಲಿಗೆ ಹೋದೆ. ಅಂಗಡಿಯವನು ರಾಶಿಯೊಳಗೆ ಕೈ ಹಾಕಿ ಹುಡುಕುತ್ತಿದ್ದಾಗ, ಮುರಿದ ಕುರ್ಚಿಯೊಂದರ ಮೇಲೆ ಮಡಿಚಿಟ್ಟ ಅಳಗುಳಿಮಣೆ ಕಂಡಿತು.

ಎರಡು ಹಲಗೆ, ಒಂದೊಂದರಲ್ಲಿ ಏಳು ಕುಳಿ, ನಡುವೆ ಕೀಲು. ಎಲ್ಲ ಅಳಗುಳಿಮಣೆಗಳೂ ಹಾಗೇ ಇರುತ್ತವೆ. ಆದರೆ ಇದರ ಒಂದು ಕೀಲು ಹಿತ್ತಾಳೆಯದು, ಇನ್ನೊಂದು ಕಬ್ಬಿಣದ್ದು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮಣೆಯ ಒಂದು ಕೀಲು ಮುರಿದು, ಅಪ್ಪ ಹಳೆಯ ಟ್ರಂಕಿನಿಂದ ಕಿತ್ತ ಕಬ್ಬಿಣದ ಕೀಲು ಹಾಕಿದ್ದರು. ಅಳತೆ ಹೊಂದದೆ, ಮೂರು ಮೊಳೆ ಹೊಡೆಯುವ ಕಡೆ ಎರಡೇ ಹೊಡೆದಿದ್ದರು. ಇದರಲ್ಲೂ ಎರಡೇ ಇದ್ದವು.

"ಏನಕ್ಕಾ, ಸ್ಟವ್ ಬಿಟ್ಟು ಮಣೆ ಹಿಡ್ಕಂಡ್ರಿ? ಭಾವಂಗೆ ಇವತ್ತು ಊಟ ಇಲ್ವಾ, ಬರೀ ಆಟಾನಾ?" ಎಂದ ಅಂಗಡಿಯವನು.

ಎಲ್ಲಿಂದ ಬಂತು ಎಂದು ಕೇಳಿದೆ.

"ಬುಕ್ಕಾಂಬುಧಿ ಕಡೆ ಒಂದ್ಮನೆ ಖಾಲಿ ಮಾಡುದ್ರು. ಅಟ್ಟದ ಮೇಲೆ ಬಿದ್ದಿತ್ತು. ಯಾರೂ ಆಡಿದಂಗೇ ಇಲ್ಲ ಕಣಕ್ಕಾ. ತಗಳ್ಳಿ, ಬೀಜಾನೂ ಅವೆ."

ಅವನು ಕೊಟ್ಟದ್ದು ಒಂದು ಚಿಕ್ಕ ಬಟ್ಟೆಯ ಚೀಲ. ನೀಲಿ ಗೀಟಿನ ಬಟ್ಟೆ. ಅಪ್ಪನ ಹಳೆಯ ಅಂಗಿಯ ತೋಳಿನಿಂದ ಅಮ್ಮ ಹೊಲಿದದ್ದು. ಅದರ ಬಾಯಿಯ ದಾರದ ಗಂಟು ಬಿಚ್ಚದೆ, ಸ್ಟವ್‌ನ ಪಂಪನ್ನೂ ಮರೆತು, ಮನೆಗೆ ಬಂದೆ.

ನಮ್ಮ ಊರು ಶಿವನಿಯ ಹತ್ತಿರ. ಆ ಮಣೆಯಲ್ಲಿ ಆಡುತ್ತಿದ್ದ ಕಾಲಕ್ಕೆ ನನಗೆ ಒಂಬತ್ತು ವರ್ಷ, ತಂಗಿಗೆ ಮೂರು. ನಮ್ಮ ಆಟದ ಕಾಯಿಗಳು ಗುಲಗಂಜಿ, ಕುಳಿಗೆ ಐದರಂತೆ ಎಪ್ಪತ್ತು. ಬೇರೆ ಮನೆಗಳಲ್ಲಿ ಹುಣಸೆಬೀಜ ಇಟ್ಟು ಆಡುತ್ತಿದ್ದರು. ನಮಗೆ ಕೆಂಪೇ ಬೇಕಿತ್ತು. ಅದು ವಿಷದ ಬೀಜವಾದ್ದರಿಂದ ಅಮ್ಮ ಒಂದು ಕಟ್ಟಳೆ ಮಾಡಿದ್ದಳು. ದೀಪ ಹಚ್ಚುವ ಮುಂಚೆ ಮಣೆ ಮುಚ್ಚಬೇಕು. ಮುಚ್ಚಿದವರು ಎಣಿಸಬೇಕು. ಎಣಿಸಿ ಎಲ್ಲರಿಗೂ ಕೇಳುವ ಹಾಗೆ "ತುಂಬೈತೆ" ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೇ ಅವಳು ಬೆಂಕಿಕಡ್ಡಿ ಗೀರುತ್ತಿದ್ದಳು. ಕಡಿಮೆ ಬಂದರೆ, ಸಿಗುವವರೆಗೆ ಯಾರೂ ಏಳುವಂತಿರಲಿಲ್ಲ.

ಆ ದಿನ ಪಕ್ಕದ ಮನೆಯ ಹುಡುಗಿಯ ಜೊತೆ ಆಡಿದೆ. ತಂಗಿ ನಮ್ಮಿಬ್ಬರ ನಡುವೆ ಕುಳಿತಿದ್ದಳು. ಸಂಜೆಯ ಪ್ಯಾಸೆಂಜರ್ ಗಾಡಿ ನೋಡಲು ಸ್ಟೇಷನ್ನಿಗೆ ಓಡುವುದು ನಮಗೆ ದಿನದ ಪದ್ಧತಿ. ಎಣಿಸಿದಾಗ ಅರವತ್ತೊಂಬತ್ತು ಬಂತು. ಇನ್ನೊಮ್ಮೆ ಎಣಿಸಿದೆ. ಅಷ್ಟೇ. ಅಷ್ಟರಲ್ಲಿ ದೂರದಲ್ಲಿ ಗಾಡಿ ಕೂಗಿತು.

"ಬತ್ತೀಯೇನೇ ಇಲ್ವೇನೇ? ಗಾಡಿ ನಿಮ್ಮಪ್ಪಂದಲ್ಲ, ನಿಂತ್ಕಳಲ್ಲ!" ಎಂದಳು ಪಕ್ಕದ ಮನೆಯವಳು.

"ತುಂಬೈತೆ" ಎಂದು ಕೂಗಿ ಓಡಿದೆ.

ಓಡುವಾಗ ತಂಗಿಯ ಬಲಗೈ ಮುಷ್ಟಿ ಮುಚ್ಚಿತ್ತು. ಇದನ್ನು ನಾನು ಕಂಡೆನೋ, ಆಮೇಲೆ ಸೇರಿಸಿಕೊಂಡೆನೋ, ಈಗ ಹೇಳಲಾರೆ.

ಮಾರನೆಯ ದಿನ ಅವಳಿಗೆ ವಾಂತಿ ಶುರುವಾಯಿತು. ಆ ವಾರ ಊರಲ್ಲಿ ಇನ್ನೂ ಎರಡು ಮಕ್ಕಳಿಗೆ ವಾಂತಿಭೇದಿ ಇತ್ತು. ಇದನ್ನೂ ಬರೆಯಬೇಕು. ಆ ಮಕ್ಕಳು ಉಳಿದರು. ಅಜ್ಜಂಪುರದಲ್ಲಿ ಔಷಧಿ ಕೊಡಿಸಿ, ಮೂರನೆಯ ದಿನ ಬಸ್ಸಿನಲ್ಲಿ ತರೀಕೆರೆಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಅಮ್ಮನನ್ನು ಕೇಳಿದರು: "ಬೀಜ ಗೀಜ ಏನಾದ್ರೂ ನುಂಗಿದ್ಲೇನಮ್ಮ?"

"ಮನ್ಯಾಗೆ ಗುಲಗಂಜಿ ಅವೆ ಸಾರ್. ಆದ್ರೆ ದೊಡ್ಡೋಳು ಎಣ್ಸವ್ಳೆ, ತುಂಬೈತೆ" ಎಂದಳು ಅಮ್ಮ. ನನ್ನ ಕಡೆ ತಿರುಗಿ, "ಅಲ್ವೇನೇ?" ಎಂದಳು.

"ಹೂಂ" ಎಂದೆ.

ಮೊದಲನೆಯದು ಗಾಡಿಗಾಗಿ ಹೇಳಿದ ಸುಳ್ಳು. ಎರಡನೆಯದು ಯಾತಕ್ಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆದರಿದ್ದೆ. ಮರುದಿನ ಬೆಳಿಗ್ಗೆ ತಂಗಿ ಹೋದಳು.

ತಿಂಗಳು ಕಳೆದ ಮೇಲೆ, ಹಳೆಯ ಸೀರೆಗೆ ಪಾತ್ರೆ ಕೊಡುವವಳು ಬಂದಾಗ, ಅಮ್ಮ ಮಣೆಯನ್ನೂ ಚೀಲವನ್ನೂ ಅವಳ ಬುಟ್ಟಿಗೆ ಹಾಕಿಬಿಟ್ಟಳು. ದೊಡ್ಡವಳಾದ ಮೇಲೆ ಒಬ್ಬ ನರ್ಸಮ್ಮನನ್ನು, ಬೇರೆ ಯಾರದೋ ಮಗುವಿನ ಮಾತೆಂಬಂತೆ, ಕೇಳಿದ್ದೆ. ಇಡಿಯಾಗಿ ನುಂಗಿದರೆ ಹೊರಗೆ ಬಂದುಬಿಡಬಹುದು, ಅಗಿದರೆ ಕಷ್ಟ ಎಂದಿದ್ದಳು.

ಕಡೂರಿನ ಮನೆಯಲ್ಲಿ ಬಾಗಿಲು ಮುಂದೆ ಮಾಡಿ ಚೀಲ ಬಿಚ್ಚಿ, ಅರೆಗತ್ತಲಲ್ಲೇ ಬೀಜಗಳನ್ನು ಐದೈದಾಗಿ ಬಳಿದೆ. ಎಣಿಸಿದೆ. ಎಪ್ಪತ್ತು. ಮತ್ತೆ, ಒಂದೊಂದನ್ನೇ ಕುಳಿಗೆ ಹಾಕುತ್ತ ಎಣಿಸಿದೆ. ಗುಲಗಂಜಿ ಅರವತ್ತೊಂಬತ್ತೇ. ಎಪ್ಪತ್ತನೆಯದು ಒಂದು ಹುಣಸೆಬೀಜ.

ಆ ವಾರವೇ ರೈಲು ಹತ್ತಿ ಶಿವನಿಯಲ್ಲಿ ಇಳಿದು ಮನೆಗೆ ಹೋದೆ. ಅಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಮಣೆಯನ್ನು ಮುಂದಿಟ್ಟೆ. ಅವಳು ಕಬ್ಬಿಣದ ಕೀಲಿನ ಮೇಲೆ ಬೆರಳಾಡಿಸಿದಳು.

"ಎಲ್ಲಿತ್ತೇ ಇದು?"

"ಕಡೂರಾಗೆ, ಗುಜರಿ ಅಂಗಡೀಲಿ."

ಚೀಲವನ್ನು ಮೊರದ ಪಕ್ಕ, ಜಗಲಿಯ ಮೇಲೆ ಸುರಿದೆ. ಕೆಂಪು ಬೀಜಗಳ ನಡುವಿನಿಂದ ಅವಳು ಹುಣಸೆಬೀಜವನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು. ಹುಡುಕಲಿಲ್ಲ.

"ನಾನೇ ಹಾಕಿದ್ದು" ಎಂದಳು. "ಮಣ್ಣು ಮಾಡಿ ಬಂದ್ಮೇಲೆ ಎಣಿಸ್ದೆ."

"ಯಾಕಮ್ಮ ನನ್ನ ಕೇಳ್ಲಿಲ್ಲ?"

ಅವಳು ಇನ್ನೆರಡು ಕಾಯಿ ಬಿಡಿಸಿದಳು.

"ಕೇಳಿದ್ರೆ ನೀನು ಏನಾರ ಹೇಳ್ಬೇಕಾಗಿತ್ತು. ನೀನು ಹೇಳಿದ್ರೆ ನಾನು ಅದನ್ನ ಇಟ್ಕಂಡು ಬದುಕ್ಬೇಕಾಗಿತ್ತು. ಇದ್ದೋಳು ನೀನೊಬ್ಳು ಕಣೇ."

"ಅವಳು ನುಂಗಿದ್ಲಾ ಅಮ್ಮ?"

"ನಂಗೇನೇ ಗೊತ್ತು? ನೆಲವೆಲ್ಲ ಗುಡಿಸ್ದೆ. ಒನಕೆ ಗುಳಿ, ಕೊಟ್ಟಿಗೆ, ಎಲ್ಲ. ಸಿಗಲಿಲ್ಲ."

ಮೊರ ಖಾಲಿಯಾಯಿತು. ಒಳಗೆ ಕತ್ತಲು ಸೇರುತ್ತಿತ್ತು. ಅಮ್ಮ ಎದ್ದು, ದೀಪದ ಗೂಡಿನ ಮುಂದೆ ಬೆಂಕಿಪೊಟ್ಟಣ ಹಿಡಿದು, ನನಗೆ ಬೆನ್ನು ಮಾಡಿ ನಿಂತಳು. ಕಡ್ಡಿ ಗೀರಲಿಲ್ಲ. ಕಾಯುತ್ತಿದ್ದಾಳೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಬೀಜಗಳನ್ನು ಬಳಿದು ಚೀಲಕ್ಕೆ ಹಾಕುತ್ತ ಎಣಿಸಿದೆ. ಮಣೆ ಮಡಿಚಿದೆ.

"ಅರವತ್ತೊಂಬತ್ತು ಅಮ್ಮ" ಎಂದೆ. "ಒಂದು ಕಮ್ಮಿ ಐತೆ."

ಅವಳು ದೀಪ ಹಚ್ಚಿದಳು. ಹುಣಸೆಬೀಜ ಇನ್ನೂ ಅವಳ ಎಡಗೈ ಮುಷ್ಟಿಯಲ್ಲೇ ಇತ್ತು.