ಇಸ್ತ್ರಿ ಅಕ್ಕನ ಏಳು ವರ್ಷ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಎಲ್ಲರಿಗೂ ಇಸ್ತ್ರಿ ಅಕ್ಕ. ಇಸ್ತ್ರಿಯ ಬಿಸಿ ಉರುಳೆಯಿಂದ ಹೊರಬರುವ ಹಾಸಿಗೆ ಬಟ್ಟೆಗಳನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿ ಅಟ್ಟಿ ಕಟ್ಟುವುದು ಅವಳ ಕೆಲಸ. ಗಂಡನಿಗೆ ಹಿಂದಿನ ಬೀದಿಯಲ್ಲಿ ಕ್ಷೌರದ ಅಂಗಡಿ. ಬಾಯಿ ಬಿಟ್ಟರೆ ನಗು ಉಕ್ಕಿಸುವ ಮನುಷ್ಯ.

ಎರಡನೆಯ ಹೆರಿಗೆಯಲ್ಲಿ ಅವಳಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ಮಗು ಉಳಿಯಿತು, ಅವಳೂ ಉಳಿದಳು. ಇನ್ನೊಂದು ಬಸಿರು ಅವಳ ಜೀವಕ್ಕೇ ಕುತ್ತಾಗಬಹುದು ಎಂದು ಡಾಕ್ಟರು ಗಂಡನನ್ನು ಕರೆದು ಹೇಳಿದ್ದರು. ಅಂದೇ ಅವನು ತನ್ನ ಹಾಸಿಗೆಯನ್ನು ಹೊರಕೋಣೆಗೆ ಎಳೆದುಕೊಂಡ. ಜಗಳವಿಲ್ಲ, ಮುನಿಸಿಲ್ಲ. ಇಬ್ಬರಿಗೂ ಒಂದೇ ಹೆದರಿಕೆ.

ಮಧ್ಯೆ ಒಮ್ಮೆ ಕಾಪರ್-ಟಿ ಹಾಕಿಸಿದ್ದಳು. ಅದು ಎಷ್ಟೋ ಹೆಂಗಸರಿಗೆ ಹೊಂದುತ್ತದಂತೆ. ಅವಳಿಗೆ ಮಾತ್ರ ಮುಟ್ಟು ಹತ್ತು ದಿನ ಹರಿದು, ರಕ್ತ ಕಡಿಮೆಯಾಗಿ, ಉರುಳೆಯ ಮುಂದೆ ತಲೆ ಸುತ್ತಿ ಬಿದ್ದಳು. ತೆಗೆಸಿದರು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ತಿಂಗಳಿಗೊಮ್ಮೆ ಹಿತ್ತಲಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಅವನು ಕೂದಲ ತುದಿ ಕತ್ತರಿಸುತ್ತಿದ್ದ. ಬೆರಳು ಅವಳ ಕುತ್ತಿಗೆಗೆ ತಾಗಿದ ಕ್ಷಣ ಕತ್ತರಿಯ ಸದ್ದು ನಿಂತುಬಿಡುತ್ತಿತ್ತು. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮತ್ತೆ ಕತ್ತರಿ ಶುರುವಾದರೆ ಕಣ್ಣು ತೆರೆದು ಮಡಿಲಿಗೆ ಬಿದ್ದ ಕೂದಲನ್ನು ಕೊಡವುತ್ತಿದ್ದಳು. ಒಂದೇ ಸೂರಿನಡಿ ಇದ್ದ ಗಂಡನಿಗಾಗಿ ಅವಳು ದೂರ ಹೋದವನಿಗೆ ಹಂಬಲಿಸಿದಂತೆ ಹಂಬಲಿಸಿದಳು.

ಏಳನೆಯ ವರ್ಷ, ಮಡಿಸಿದ ಬಟ್ಟೆ ಕೊಡಲು ಹೋದಾಗ, ಕುಟುಂಬ ಯೋಜನೆಯ ಕೋಣೆಯ ನರ್ಸಮ್ಮನ ಬಳಿ ಎಲ್ಲವನ್ನೂ ಹೇಳಿಕೊಂಡಳು. ನರ್ಸಮ್ಮ ಮೊದಲು ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು. ನಂತರ ಒಂದೊಂದಾಗಿ ಬಿಡಿಸಿ ಹೇಳಿದರು. ದಿನದ ಮಾತ್ರೆ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ, ಆದರೆ ಇಷ್ಟು ಒತ್ತಡವಿರುವವರಿಗೆ ಅದರಿಂದ ಪಾರ್ಶ್ವವಾಯುವಿನ ಅಪಾಯ. ಮೂರು ತಿಂಗಳ ಇಂಜೆಕ್ಷನ್ನೂ ಈ ಒತ್ತಡಕ್ಕೆ ಬೇಡ. ನಿರೋಧ್ ಸುಲಭ, ಕಾಯಿಲೆಯನ್ನೂ ತಡೆಯುತ್ತದೆ, ಆದರೆ ಬಳಕೆಯಲ್ಲಿ ಎಡವಟ್ಟಾಗುವುದು ಅಪರೂಪವಲ್ಲ. ಅವಳಿಗೇ ಆಪರೇಷನ್ ಮಾಡಬಹುದು, ಆದರೆ ಎರಡು ಹೆರಿಗೆಗೂ ಕೊಯ್ದ ಹೊಟ್ಟೆಯನ್ನು ಮತ್ತೆ ತೆರೆಯಬೇಕು.

"ಎಲ್ಲಕ್ಕಿಂತ ಚಿಕ್ಕದು ಗಂಡಸರ ಆಪರೇಷನ್ ಕಣಮ್ಮ. ಆದ್ರೆ ಮತ್ತೆ ಮಕ್ಕಳು ಬೇಕು ಅಂದ್ರೆ ಸರಿಮಾಡೋದು ಕಷ್ಟ. ಅದನ್ನ ಅವರೇ ಒಪ್ಪಬೇಕು," ಎಂದರು.

ಅವಳು ನಾಲ್ಕು ದಿನ ಮಾತು ನುಂಗಿಕೊಂಡು ಓಡಾಡಿದಳು. ಐದನೆಯ ದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಹೇಳಿದಳು. ಊರಿನ ಗಂಟಲಿಗೆಲ್ಲ ಕತ್ತಿ ಹಿಡಿಯುವವನಿಗೆ ತನ್ನ ಮೈಗೆ ಬ್ಲೇಡು ಎಂದರೆ ಕೈಕಾಲು ತಣ್ಣಗೆ. ಶಕ್ತಿ ಹೋಗುತ್ತದಂತೆ, ಜನ ನಗುತ್ತಾರಂತೆ ಎಂದೆಲ್ಲ ತಡವರಿಸಿದ. ಅವಳು ವಾದಿಸಲಿಲ್ಲ.

"ನಂಗೆ ನೀವು ಬೇಕು ಅಷ್ಟೇ," ಎಂದಳು.

ಅವನು ಬಹಳ ಹೊತ್ತು ಕನ್ನಡಿ ಒರೆಸಿದ. ಮರುದಿನ ತಾನೇ ನರ್ಸಮ್ಮನ ಎದುರು ಕೂತು, ಶಕ್ತಿ ಹೋಗುತ್ತದೆಯೇ ಎಂದು ಕೇಳಿದ. ವೀರ್ಯಾಣು ಬರುವ ಎರಡು ನಾಳ ಮಾತ್ರ ಮುಚ್ಚುತ್ತಾರೆ, ಮಿಕ್ಕಿದ್ದೆಲ್ಲ ಇದ್ದಂತೆಯೇ ಇರುತ್ತದೆ, ಕೆಲವು ದಿನ ಊತ, ನೋವು, ಎಲ್ಲೋ ಕೆಲವರಿಗೆ ನೋವು ಉಳಿಯುವುದೂ ಉಂಟು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಕಾಯುವುದು ಮುಗಿಯಲಿಲ್ಲ. ನಾಳದಲ್ಲಿ ಉಳಿದದ್ದು ಖಾಲಿಯಾಗಲು ಮೂರು ತಿಂಗಳು ಬೇಕು, ಪರೀಕ್ಷೆ ಆಗುವವರೆಗೆ ನಿರೋಧ್ ಬಿಡಬಾರದು ಎಂದಿದ್ದರು. ಅವರು ಕೊಟ್ಟ ನಿರೋಧ್ ಡಬ್ಬಿ ಕಪಾಟಿನಲ್ಲೇ ಉಳಿಯಿತು. ಅವಳಿಗೆ ಧೈರ್ಯ ಸಾಲಲಿಲ್ಲ, ಅವನು ಒತ್ತಾಯಿಸಲಿಲ್ಲ. ಮೊದಲ ಪರೀಕ್ಷೆಯಲ್ಲಿ ಇನ್ನೂ ವೀರ್ಯಾಣು ಕಂಡವು. ಅಂದು ಅವಳು ಕೆಲಸದಲ್ಲಿ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಎರಡನೆಯ ವರದಿ ಮಧ್ಯಾಹ್ನ ಬಂತು. ಒಂದೂ ಇಲ್ಲ. ನರ್ಸಮ್ಮ ಕೈಯಲ್ಲಿ ಕಾಗದ ಇಟ್ಟಾಗ ಗಂಡ ಹೆಂಡತಿ ಮುಖ ನೋಡಿಕೊಳ್ಳಲಾರದೆ, ಈಗಷ್ಟೇ ಪರಿಚಯವಾದವರಂತೆ ನಿಂತರು.

ಮಕ್ಕಳು ಶಾಲೆಯಿಂದ ಬರಲು ಇನ್ನೂ ಹೊತ್ತಿತ್ತು. ಮನೆಯ ಮೆಟ್ಟಿಲ ಮೇಲೆ ಅವನು ಅವಳ ಕೈ ಹಿಡಿದ. ಅವಳು ಅತ್ತಳು. ಅವಳ ಮೂವತ್ತೊಂದನೆಯ ವಯಸ್ಸಿಗೆ ಬಿಟ್ಟ ಕೈ ಮೂವತ್ತೆಂಟಕ್ಕೆ ಸಿಕ್ಕಿತ್ತು. ಮಧ್ಯದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

"ಅಳಬೇಡ್ವೇ," ಎಂದ ಅವನು. ಅವನ ದನಿಯೂ ಒದ್ದೆಯಾಗಿತ್ತು.