ಅತ್ತರು ಹಚ್ಚಿಕೊಂಡು ಬಂದ ಕರಡಿ

ಮೊನ್ನೆ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಾ ನೀವಿಬ್ಬರೂ ಜಗಳಕ್ಕೆ ಬಿದ್ದಿರಿ. ಔಟಾದ ಆಟಗಾರನೊಬ್ಬ ಬ್ಯಾಟನ್ನು ನೆಲಕ್ಕೆ ಕುಕ್ಕಿದ. ಅವನು ಮನೆಯಲ್ಲೂ ಹೀಗೇ ಹೆಂಡತಿ ಮಕ್ಕಳ ಮೇಲೆ ರೇಗುತ್ತಾನೆ ಎಂದು ಒಬ್ಬಳು; ಅದೆಲ್ಲ ಆಟದ ಸಿಟ್ಟು, ಮನೆಯಲ್ಲಿ ದೇವರಂಥವನು ಎಂದು ಇನ್ನೊಬ್ಬ. ಕೊನೆಗೆ ನನ್ನ ಕಡೆ ತಿರುಗಿ, "ಅಜ್ಜಿ, ನೀನೇ ಹೇಳು" ಎಂದಿರಿ. ನಾನು ಎಂದಿನಂತೆ ನಕ್ಕು ಒಳಗೆ ಹೋದೆ. ನಾಲ್ಕು ಜನ ಕೇಳುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ನಾಲ್ಕು ತರಗತಿ ಓದಿದವಳು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆಗೆ ಒಂದು ಸಲ ನಾನೇ ಉತ್ತರ ಹುಡುಕಬೇಕಾಗಿ ಬಂದಿತ್ತು, ಅದೂ ಒಂದೇ ಮಧ್ಯಾಹ್ನದಲ್ಲಿ.

ನಿಮ್ಮ ತಾತ ಕುಸ್ತಿಯಿಂದಲೇ ಬದುಕುತ್ತಿದ್ದ ಪೈಲ್ವಾನರು. ನಾನು ಅವರನ್ನು ಮೊದಲು ನೋಡಿದ್ದು ಗೋಡೆಯ ಮೇಲೆ. ನಮ್ಮ ಹಳ್ಳಿಗೆ ಹತ್ತಿರದ ವಿಜಯಪುರದ ಸಂತೆ ಬೀದಿಯಲ್ಲಿ ಅಂಟಿಸಿದ್ದ ಕುಸ್ತಿಯ ಚೀಟಿಯಲ್ಲಿ ಅವರ ಚಿತ್ರವಿತ್ತು. ಹುಬ್ಬು ಗಂಟಿಕ್ಕಿ, ತೊಡೆ ತಟ್ಟಿ ನಿಂತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ 'ಬಳ್ಳಾಪುರದ ಕರಡಿ' ಎಂದಿತ್ತು. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ಸಂಬಂಧ ಹುಡುಕಿಕೊಂಡು ಬಂದವರು ಇದೇ ಕರಡಿಯ ಮನೆಯವರು ಎಂದು ಅಪ್ಪ ಹೇಳಿದಾಗ ನನ್ನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

ಭಯಕ್ಕೆ ಕಾರಣ ಅಪ್ಪನೇ. ಅವರಿಗೆ ಕುಸ್ತಿ ಎಂದರೆ ಪ್ರಾಣ. ದೊಡ್ಡಬಳ್ಳಾಪುರದಲ್ಲಿ ಕರಡಿ ಒಬ್ಬನ ಕೈ ಮುರಿದದ್ದನ್ನು ಕಣ್ಣಾರೆ ನೋಡಿ ಬಂದಿದ್ದರು. ಅದನ್ನು ಹಿಪ್ಪುನೇರಳೆ ಸೊಪ್ಪಿನ ಮೂಟೆಯ ಮೇಲೆ ಹತ್ತಿ, ಪಟ್ಟು ಹಾಕಿ ತೋರಿಸುತ್ತಿದ್ದರು. "ಲಟಕ್ ಅಂತು! ಅವನು ಬಿದ್ದು ಒದ್ದಾಡ್ತಾ ಅವ್ನೆ, ಇವನು ಪಕ್ಕದಾಗೆ ನಿಂತು ಮೀಸೆ ತಿರುವ್ತಾ ಅವ್ನೆ!" ಎಂದು ಅವರು ಹೇಳುವಾಗ ಮನೆಗೆ ಬಂದವರೆಲ್ಲ ಆಹಾ ಎನ್ನುತ್ತಿದ್ದರು. ನನಗೆ ಮಾತ್ರ ಬಿದ್ದವನದೇ ಯೋಚನೆ. ಬಿದ್ದವನ ಪಕ್ಕ ನಿಂತು ಮೀಸೆ ತಿರುವುವವನು ನಾಳೆ ಹೆಂಡತಿ ಬಿದ್ದರೆ ಏನು ಮಾಡಿಯಾನು?

ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಸಾಕಿದ್ದು ಅಪ್ಪನ ತಾಯಿ, ನನ್ನ ಅಜ್ಜಿ. ಅಜ್ಜಿಯ ಮಾತಿಗೆ ಅಪ್ಪ ಒಂದು ಒಪ್ಪಂದಕ್ಕೆ ಬಂದಿದ್ದರು. "ನೋಡಮ್ಮ, ಬ್ಯಾಡ ಅಂದ್ರೆ ಬ್ಯಾಡ. ನಾನು ಬಲವಂತ ಮಾಡಾಕಿಲ್ಲ. ಆದ್ರೆ ಅವರು ವಾಪಸ್ ಹೋಗೋ ಹೊತ್ಗೆ ಹೂಂ ಅಂತಾನೋ ಊಹೂಂ ಅಂತಾನೋ ಹೇಳ್ಬೇಕು. ಗೋಡೆ ಕೆರ್ಕೊಂಡು ನಿಂತ್ಕೊಳಂಗಿಲ್ಲ" ಎಂದಿದ್ದರು. ನಾನು ಗೋಡೆ ಕೆರೆಯುತ್ತಲೇ ಕೇಳಿಸಿಕೊಂಡೆ.

ಹೆಣ್ಣು ನೋಡಲು ಸೋಮವಾರ ಗೊತ್ತಾಯಿತು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುಗಳು ಬುಧವಾರ ಹಣ್ಣಾಗುತ್ತವೆ ಎಂದು ಅಪ್ಪನ ಲೆಕ್ಕ. ಆದರೆ ಆ ವಾರ ಬಿಸಿಲು ಏರಿ ಸೋಮವಾರ ಬೆಳಗ್ಗೆಯೇ ಹಣ್ಣಾಗಿಬಿಟ್ಟವು. ಹಣ್ಣಾದ ಹುಳು ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು ತಲೆಯೆತ್ತಿ ಜಾಗ ಹುಡುಕುತ್ತದೆ. ಅದನ್ನು ಆಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯ ಕಸದಲ್ಲೇ ನೂಲು ಸುತ್ತಿ ಬೆಳೆಯೆಲ್ಲ ಹಾಳು. ಹಾಗಾಗಿ ಮದುವಣಗಿತ್ತಿ ಆಗಬೇಕಾದವಳು ಹಳೆಯ ಸೀರೆ ಉಟ್ಟು, ಬೆರಳೆಲ್ಲ ಅಂಟು ಮಾಡಿಕೊಂಡು ಹುಳು ಮನೆಯಲ್ಲಿ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಗಲಾಟೆ. "ಕರಡಿ ಬಂತು, ಕರಡಿ ಬಂತು" ಎಂದು ಊರಿಗೆ ಊರೇ ನಮ್ಮ ಬೇಲಿಗೆ ಒರಗಿ ನಿಂತಿತ್ತು. ನಾನು ಬಾಗಿಲಿಗೆ ಕಟ್ಟಿದ್ದ ಒದ್ದೆ ಗೋಣಿಯ ಸಂದಿನಿಂದ ನೋಡಿದೆ. ಬಿಳಿ ಜುಬ್ಬ, ಚಿತ್ರದಲ್ಲಿದ್ದದ್ದೇ ಹುಬ್ಬು, ಚಿತ್ರದಲ್ಲಿದ್ದದ್ದಕ್ಕಿಂತ ದೊಡ್ಡ ಮೈ. ಜೊತೆಗೆ ಅವರ ಅಕ್ಕ. ಅವರಿಬ್ಬರೂ ಅಂಗಳಕ್ಕೆ ಬಂದದ್ದೇ ತಡ, ಅಜ್ಜಿ ಮೂಗು ಮುಚ್ಚಿಕೊಂಡು ಎದುರು ಹೋದಳು.

"ಅಲ್ಲೇ ನಿಂತ್ಕೋ! ಏನಪ್ಪಾ ಪೈಲ್ವಾನ, ಅತ್ತರು ಹಚ್ಕೊಂಡಿದ್ದೀಯಾ?"

ಅವರ ಗೆಳೆಯನೊಬ್ಬನ ಅತ್ತರಿನ ಅಂಗಡಿಯಲ್ಲಿ ಗೆಳೆಯರೆಲ್ಲ ಸೇರಿ ಅರ್ಧ ಸೀಸೆ ಸುರಿದು ಕಳಿಸಿದ್ದರಂತೆ. ಬಳ್ಳಾಪುರ ನೇಯ್ಗೆಯ ಊರು; ಅಲ್ಲಿಯವರಿಗೆ ರೇಷ್ಮೆ ಗೊತ್ತು, ಹುಳು ಗೊತ್ತಿಲ್ಲ. ಹುಳು ಇರುವಷ್ಟು ದಿನ ನಮ್ಮ ಮನೆಯಲ್ಲಿ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಘಾಟು, ಹೊಗೆ, ವಾಸನೆ ಯಾವುದೂ ಹುಳುವಿಗೆ ಆಗದು. ಅಂದು ಬೀಗರಿಗೆ ಇಟ್ಟ ಉಪ್ಪಿಟ್ಟು ಕೂಡ ಸಾಸಿವೆ ಕಾಣದ ಉಪ್ಪಿಟ್ಟೇ.

"ಬಾವಿ ಅಲ್ಲೈತೆ. ಮೊದ್ಲು ಸ್ನಾನ ಮಾಡು, ಆಮೇಲೆ ಹೆಣ್ಣು" ಎಂದಳು ಅಜ್ಜಿ.

ಅಪ್ಪನ ಮುಖ ಬೂದಿಯಾಗಿತ್ತು. "ಅವ್ವ, ಏನು ಮಾತಾಡ್ತಿದ್ದೀಯ" ಎಂದು ತಡವರಿಸಿದರು. ಈಗ ಕರಡಿ ತೊಡೆ ತಟ್ಟುತ್ತದೆ, ಈಗ ತಿರುಗಿ ಹೋಗುತ್ತದೆ, ನಾನು ಊಹೂಂ ಅನ್ನುವ ಕಷ್ಟವೂ ತಪ್ಪುತ್ತದೆ ಎಂದುಕೊಂಡೆ.

ಕರಡಿ ಜುಬ್ಬ ಬಿಚ್ಚಿ ಅಕ್ಕನ ಕೈಗೆ ಕೊಟ್ಟು ಕೇಳಿತು: "ಎಷ್ಟು ಕೊಡ ಸುರ್ಕೊಬೇಕಜ್ಜಿ?"

"ವಾಸ್ನೆ ಹೋಗೋಗಂಟ!"

ಹನ್ನೊಂದು ಕೊಡ ಸುರಿದುಕೊಂಡರು. ಅಜ್ಜಿ ನಡುನಡುವೆ ಹೋಗಿ ಮೂಸಿ, "ಇನ್ನೂ ಐತೆ" ಎಂದು ಬರುತ್ತಿದ್ದಳು. ಕೊನೆಗೆ ಅಪ್ಪನ ಪಂಚೆ ಉಟ್ಟುಕೊಂಡು ಹಿತ್ತಲಿನಿಂದ ಒಳಗೆ ಬಂದರು. ಅದು ಅವರ ಮೊಣಕಾಲಿಗೆ ನಿಂತಿತ್ತು. "ಕೂತಿರೋ ಬದ್ಲು ನಾಲ್ಕು ಹುಳ ಆರ್ಸಪ್ಪ, ಕೈ ಸಾಲ್ತಿಲ್ಲ" ಎಂದು ಅಜ್ಜಿ ನನ್ನ ಎದುರಿನ ತಟ್ಟೆಯ ಮುಂದೆ ಕೂರಿಸಿದಳು. ಅವರ ಅಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು ಅಪ್ಪನ ಜೊತೆ ಚಂದ್ರಿಕೆ ಹೊರುತ್ತಿದ್ದರು.

ಅವರು ತಟ್ಟೆಯ ಮೇಲೆ ಕೈ ಚಾಚಿದರು, ಹಿಂದಕ್ಕೆ ಎಳೆದುಕೊಂಡರು. ಮತ್ತೆ ಚಾಚಿದರು.

"ನಂಗೆ ಹುಳ ಅಂದ್ರೆ ಭಯ ಕಣಜ್ಜಿ" ಎಂದರು, ಯಾವ ಮುಚ್ಚುಮರೆಯೂ ಇಲ್ಲದೆ.

"ಅದು ಬೆರ್ಳಷ್ಟುದ್ದ ಐತೆ, ನೀನು ಬಾಗ್ಲಷ್ಟು ಅಗಲ ಇದ್ದೀಯ. ಭಯ ಯಾರಿಗಿರ್ಬೇಕು?" ಎಂದಳು ಅಜ್ಜಿ.

ನನಗೆ ನಗು ತಡೆಯಲಾಗಲಿಲ್ಲ. ತಲೆ ಬಗ್ಗಿಸಿಕೊಂಡೇ ಒಂದು ಹುಳುವನ್ನು ಎರಡು ಬೆರಳಲ್ಲಿ ಮೆಲ್ಲನೆ ಎತ್ತಿ ತೋರಿಸಿದೆ. ಅವರು ಕಣ್ಣು ಅರ್ಧ ಮುಚ್ಚಿ ಹಾಗೆಯೇ ಎತ್ತಿದರು. ಹತ್ತಿಪ್ಪತ್ತು ಆರಿಸುವಷ್ಟರಲ್ಲಿ ಕೈ ಹದಕ್ಕೆ ಬಂತು. ಒಂದೂ ನಲುಗಲಿಲ್ಲ.

ಇಷ್ಟು ಸಾಕಾಗಿತ್ತು ಎಂದು ನೀವು ಅಂದುಕೊಳ್ಳಬಹುದು. ನನಗೆ ಸಾಕಾಗಲಿಲ್ಲ. ಹುಳುವಿಗೆ ಹೆದರುವವನು ಮನುಷ್ಯರಿಗೆ ಒಳ್ಳೆಯವನು ಎಂದೇನಿಲ್ಲವಲ್ಲ. ಹೊತ್ತು ಬೇರೆ ಇಳಿಯುತ್ತಿತ್ತು. ಅಜ್ಜಿ ಮೂಲೆಯ ತಟ್ಟೆಗೆ ಹೋದ ಗಳಿಗೆ ನೋಡಿ, ಹುಳುವಿನೊಂದಿಗೆ ಮಾತಾಡುವವಳ ಹಾಗೆ ಕೇಳಿದೆ: "ಆ ಕೈ ಮುರಿದೋಯ್ತಲ್ಲ, ಅವರು ಈಗ ಹೆಂಗವ್ರೆ?"

ಅವರು ಇನ್ನೊಂದು ಹುಳುವನ್ನು ಎತ್ತಿಕೊಂಡರು. "ಮೂಳೆ ಕೂಡ್ಕೊಂಡೈತೆ. ಆದ್ರೆ ಕೈ ಪೂರ್ತಿ ಮೇಲಕ್ಕೆ ಬರಲ್ಲ. ಕುಸ್ತಿ ಬಿಟ್ಟವ್ನೆ. ಆಗಾಗ ಹೋಗಿ ನೋಡ್ಕೊಂಡು ಬರ್ತೀನಿ."

"ಮೀಸೆ ತಿರುವಿದ್ರಂತೆ."

"ತಿರುವ್ದೆ. ಮೂಳೆ ಮುರಿದ ಸದ್ದು ನಂಗೂ ಕೇಳಿಸ್ತು. ಜನ ಕೂಗ್ತಿದ್ರು, ಗೆದ್ದ ಖುಷಿ, ಕೇಳಿಸ್ದೇ ಇರೋನಂಗೆ ತಿರುವ್ದೆ. ಆಮೇಲೆ ಅವನ ಮುಖ ನೋಡ್ದೆ." ಹುಳುವನ್ನು ಚಂದ್ರಿಕೆಗೆ ಬಿಟ್ಟು ಹೇಳಿದರು: "ಅದು ತಪ್ಪು."

ಗೊತ್ತಾಗಲಿಲ್ಲ ಅಂದಿದ್ದರೆ, ಅದೆಲ್ಲ ಜನರಿಗಾಗಿ ಆಡುವ ಆಟ ಅಂದಿದ್ದರೆ ನಾನು ಊಹೂಂ ಅನ್ನುತ್ತಿದ್ದೆನೋ ಏನೋ. ಅವರು ಏನನ್ನೂ ಕಡಿಮೆ ಮಾಡಿ ಹೇಳಲಿಲ್ಲ. ಮದುವೆಯಾದ ಮೇಲೂ ನೋಡಿದೆ, ಗೋಡೆಯ ಮೇಲಿನ ಕರಡಿ ಪೂರ್ತಿ ಸುಳ್ಳೇನೂ ಅಲ್ಲ. ಸೋತು ಬಂದ ದಿನ ಯಾರ ಜೊತೆಗೂ ಮಾತಿಲ್ಲ. ಚೌಕಾಬಾರದಲ್ಲಿ ನಾನು ಗೆದ್ದರೆ ಕವಡೆಯಲ್ಲೇ ಏನೋ ದೋಷವಿದೆ ಎಂದು ವಾದ ಮಾಡುತ್ತಿದ್ದರು. ಹಾಗೆಂದು ಗೆಳೆಯರು ಹೊಗಳುತ್ತಿದ್ದ ಹಾಗೆ ದೇವರೂ ಆಗಿರಲಿಲ್ಲ. ಜನ ನೋಡುವುದು ಇಡೀ ಮನುಷ್ಯನನ್ನಲ್ಲ, ಅವನ ಒಂದು ಗಳಿಗೆಯನ್ನು. ಆ ಗಳಿಗೆ ನಿಜವೇ, ಆದರೆ ದಿನಕ್ಕೆ ಬೇರೆ ಗಳಿಗೆಗಳೂ ಇರುತ್ತವೆ. ನಿಮ್ಮ ಬ್ಯಾಟು ಕುಕ್ಕಿದವನ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ.

ಸಂಜೆ ಹುಳುವೆಲ್ಲ ಚಂದ್ರಿಕೆ ಸೇರಿತು. ಬೀಗರು ಹೊರಡಲು ಎದ್ದರು. ಅವರು ಅಂಗಳ ದಾಟಲಿ, ಆಮೇಲೆ ಕೇಳೋಣ ಎಂದು ಅಪ್ಪ ಕಾಯುತ್ತಿದ್ದರು. ನನಗೆ ಯಾಕೋ ಆ ಕಾಯುವಿಕೆ ಬೇಡವೆನ್ನಿಸಿತು. ಬಾಗಿಲಿನ ಗೋಣಿ ಸರಿಸಿ, ಎಲ್ಲರ ಎದುರಿಗೇ, "ಅಪ್ಪ, ನಂಗೆ ಒಪ್ಗೆ" ಎಂದೆ.

ಅಪ್ಪ ಬೆರಗಾದರು. ಅಜ್ಜಿ ಮಾತ್ರ, "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಈ ಬಾಯ್ನ?" ಎಂದಳು.

ನಿಮ್ಮ ತಾತ ನಗತೊಡಗಿದರು. ಸದ್ದು ಮಾಡಿ, ಭುಜ ಕುಣಿಸಿಕೊಂಡು ನಕ್ಕರು. ಅವರ ಅಕ್ಕ ಗಾಬರಿಯಾಗಿ ತೋಳು ಹಿಡಿದೆಳೆದರು. "ನಗಬ್ಯಾಡ್ವೋ, ಬೇಲಿ ತಾವ ಜನ ನಿಂತವ್ರೆ! ಬರೋ ವಾರ ಇದೇ ಸೀಮೇಲಿ ಕುಸ್ತಿ ಐತೆ. ನೀನು ಹಿಂಗೆ ಹಲ್ಲು ಬಿಟ್ರೆ ಟಿಕೀಟು ಯಾರೋ ತಗೋತಾರೆ?"

"ತಡಿಯಕ್ಕ, ಮುಖ ಸರಿ ಮಾಡ್ಕೋತೀನಿ" ಎಂದು ಅವರು ನಮ್ಮ ಕಂಬದ ಕಡೆ ತಿರುಗಿ ನಿಂತರು. ಹುಬ್ಬು ಗಂಟಿಕ್ಕಿದರು, ಬಿಟ್ಟುಹೋಯಿತು. ಮತ್ತೆ ಗಂಟಿಕ್ಕಿದರು, ಮತ್ತೆ ಬಿಟ್ಟುಹೋಯಿತು. ಕೊನೆಯ ಬಸ್ಸು ಹೋಗಿಬಿಡುತ್ತದೆಂದು ಅಕ್ಕ ಅವಸರಪಡಿಸುತ್ತಿದ್ದರು. ಇದ್ದಿಲ ಬಸ್ಸು ಹೊರಡುವುದು ಯಾವಾಗಲೂ ತಡವೇ, ಆದರೆ ಆ ದಿನಕ್ಕೆ ಬಾಯಿ ಬಿಟ್ಟದ್ದು ಸಾಕೆಂದು ಅದನ್ನು ನಾನು ಹೇಳಲಿಲ್ಲ.