ಅಳಿಸಲಾರದ ಭಾವ

ಯಾರೋ ಮಾಡಿದ ಹಳೇ ಕಂಪ್ಯೂಟರ್ ಆಟಕ್ಕೆ ಹೊಸ ಊರು, ಹೊಸ ಜನ, ಹೊಸ ಜಗಳ ಸೇರಿಸಿ ಪುಕ್ಕಟೆ ಹಂಚುವುದಕ್ಕೆ ಮಾಡ್ ಎನ್ನುತ್ತಾರೆ. ನಮ್ಮ ಭಾವ ಹತ್ತು ವರ್ಷದಿಂದ ಅಂಥದ್ದೊಂದನ್ನು ಮಾಡುತ್ತಲೇ ಇದ್ದಾರೆ. ಸೇರಿಸುವುದರಲ್ಲಿ ಎತ್ತಿದ ಕೈ, ಅಳಿಸುವುದಕ್ಕೆ ಮಾತ್ರ ಕೈಯೇ ಬರುವುದಿಲ್ಲ. ಅವರ ಫೈಲುಗಳ ಹೆಸರು 'ಕೊನೇದು', 'ನಿಜವಾದ ಕೊನೇದು', 'ದೇವರಾಣೆ ಇದೇ ಕೊನೇದು'. ಆಡುವವರ ಕಣ್ಣಿಗೆ ಎಂದೂ ಬೀಳದ ಮೂರು ಕಾಲಿನ ಕುದುರೆ, ಬಾಗಿಲಿಲ್ಲದ ಠಾಣೆ, ಸೀನಿದರೆ ತಲೆ ಕಳಚಿ ಬೀಳುವ ರಾಜ, ಎಲ್ಲವೂ ಒಳಗೆ ಹಾಯಾಗಿ ಸಂಸಾರ ಹೂಡಿವೆ. "ಸಾರ್, ಮುಕ್ಕಾಲು ಪಾಲು ಕಸಾನೇ ಇದೆಯಲ್ಲ" ಎಂದು ಫೈಲು ಬಿಚ್ಚಿ ನೋಡಿದವರು ಯಾರಾದರೂ ಬರೆದರೆ, "ಅವು ನಿಮ್ಮ ತಂಟೆಗೆ ಬರಲ್ಲ, ಇರ್ಲಿ ಬಿಡಿ" ಎಂದು ಉತ್ತರ. "ಕಂಪ್ಯೂಟರಲ್ಲಿ ಉಸಿರಾಡೋಕೂ ಜಾಗ ಇಲ್ಲ, ಆ ಕುಂಟು ಕುದುರೇನಾದ್ರೂ ತೆಗೀರಿ" ಎಂದು ಅಕ್ಕ ರೇಗಿದರೆ, "ಪಾಪ ಕಣೇ, ಮೂರು ಕಾಲಲ್ಲಿ ಎಲ್ಲಿಗೆ ಹೋಗುತ್ತೆ ಅದು?" ಹೋದ ವಾರ ಅಕ್ಕ ನನ್ನನ್ನೇ ಕಂಪ್ಯೂಟರ್ ಮುಂದೆ ಕೂರಿಸಿ ಆ ಕಸ ಗುಡಿಸು ಎಂದಳು. ಗುಡಿಸುತ್ತಾ ಹೋದಾಗ ಒಂದು ಅರ್ಧ ಸೇತುವೆ ಸಿಕ್ಕಿತು. ಭಾವನ ಜೊತೆ ಮಾಡ್ ಶುರು ಮಾಡಿ, ಮಾತಿಗೆ ಮಾತು ಬೆಳೆದು ಎದ್ದು ಹೋದ ಗೆಳೆಯ ಕಟ್ಟಿದ್ದು. ಎಂಟು ವರ್ಷದ ಹಿಂದೆ ಅವನೇ ಬರೆದಿಟ್ಟ ಸಾಲೂ ಇತ್ತು: "ಯಾರೂ ಮುಟ್ಟಬೇಡಿ, ನಾಳೆ ಬಂದು ಮುಗಿಸ್ತೀನಿ." "ಭಾವ, ಇದನ್ನ ನೀವೇ ಒಂದು ಗಂಟೇಲಿ ಮುಗಿಸಬಹುದಲ್ಲ?" ಎಂದೆ. ಭಾವ ನನ್ನ ಕೈಯಿಂದ ಮೌಸನ್ನು ಮೆಲ್ಲಗೆ ಬಿಡಿಸಿಕೊಂಡರು. "ನಾನು ಮುಗಿಸಿಬಿಟ್ರೆ ಅವನು ಯಾವ ಕೆಲಸಕ್ಕೆ ಅಂತ ಬರ್ತಾನೆ, ಹೇಳು?"